ಕೆಂಪು ಬಣ್ಣಕ್ಕೆ ಆಧಾರ

ನಮ್ಮ ಓನರ್ ತೀರಿಕೊಂಡ ಮೇಲೆ ಬಡಾವಣೆಯ ನಿವಾಸಿಗಳ ಸಂಘದವರು ಪಾರ್ಕಿನಲ್ಲಿ ಒಂದು ಸಂತಾಪ ಸಭೆ ಇಟ್ಟುಕೊಂಡಿದ್ದರು. ಅಧ್ಯಕ್ಷರು ಮೈಕು ಹಿಡಿದು, ಇಂಥ ಸೈಕಲ್ ಪಟು ಬಸವೇಶ್ವರನಗರದಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ, ಅರವತ್ತೆಂಟನೇ ವಯಸ್ಸಿನಲ್ಲೂ ಕೆಂಗೇರಿವರೆಗೆ ಸೈಕಲ್ ತುಳಿದುಕೊಂಡು ಹೋಗಿ ಬರುತ್ತಿದ್ದ ಜೀವ ಅದು ಎಂದರು. ಎರಡು ನಿಮಿಷದ ಮೌನ ಯಾರದೋ ಫೋನು ಬಡಿದುಕೊಂಡಿದ್ದರಿಂದ ಒಂದೇ ನಿಮಿಷಕ್ಕೆ ಮುಗಿಯಿತು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದರು. ಪಾಪ, ಅಳು ತಡೆಯುತ್ತಿದ್ದಾರೆ ಎಂದುಕೊಂಡು ತಿರುಗಿ ನೋಡಿದರೆ ಅವರು ತಡೆಯುತ್ತಿದ್ದದ್ದು ನಗುವನ್ನು.

ಓನರ್ ಕೆಂಗೇರಿಗೆ ಹೋಗುತ್ತಿದ್ದದ್ದು ನಿಜ. ಆದರೆ ಭಾನುವಾರ ಮಾತ್ರ, ಅದೂ ಬಸ್ಸಿನಲ್ಲಿ. ಮನೆಯಿಂದ ಹೊರಡುವಾಗಲೇ ಸೈಕಲ್ ಹೆಲ್ಮೆಟ್ ತಲೆಗೆ ಹಾಕಿಕೊಂಡು, ಗದ್ದದ ಕೆಳಗೆ ಬಿಗಿದುಕೊಂಡು, ಹಾಗೆಯೇ ಬಸ್ಸು ಹತ್ತಿ ಕೂರುತ್ತಿದ್ದರು. ಅಧ್ಯಕ್ಷರು ದಾರಿಯಲ್ಲಿ ಹೆಲ್ಮೆಟ್ಟನ್ನು ನೋಡಿದ್ದರು. ಸೈಕಲ್ಲನ್ನು ತಾವೇ ಊಹಿಸಿಕೊಂಡಿದ್ದರು. ಅರವತ್ತೈದು ತುಂಬುವವರೆಗೂ ಓನರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ ಎಂಬ ಸಂಗತಿ ಆ ಸಭೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ನಾನು ಒಂಬತ್ತು ವರ್ಷ ಅವರ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಬೆಂಗಳೂರಿನ ಬಾಡಿಗೆದಾರರಿಗೆ ಮನೆ ಮಾಲೀಕರ ಹೆಸರು ಬೇಕಾಗುವುದಿಲ್ಲ, ಓನರ್ ಎಂದರೆ ಸಾಕು. ಆಂಟಿ ಕೂಡ ನನ್ನ ಹತ್ತಿರ ಮಾತಾಡುವಾಗ ಗಂಡನನ್ನು 'ನಿಮ್ ಓನರ್ರು' ಎಂದೇ ಕರೆಯುತ್ತಿದ್ದರು, ತಮಗೂ ಆ ಮನುಷ್ಯನಿಗೂ ಏನೂ ಸಂಬಂಧವಿಲ್ಲ ಎನ್ನುವ ಹಾಗೆ.

ಓನರ್ ಸರ್ಕಾರದ ಒಂದು ಕಚೇರಿಯಲ್ಲಿ ಬೇರೆಯವರ ಫೈಲುಗಳಿಗೆ ಆಕ್ಷೇಪಣೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯಾದದ್ದು ಕಚೇರಿಯಿಂದ, ಆಕ್ಷೇಪಣೆಯಿಂದಲ್ಲ. ಯಾರು ಏನು ಹೇಳಿದರೂ ಅವರ ಮೊದಲ ಪ್ರಶ್ನೆ ಒಂದೇ: "ಆಧಾರ ಏನು?" ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ನಾನು ದೂರು ಹೇಳಿದರೆ, ಸೋರುವಿಕೆ ನಾನು ಮನೆಗೆ ಬರುವ ಮೊದಲೇ ಇತ್ತೋ ಆಮೇಲೆ ಶುರುವಾಯಿತೋ ಎಂಬುದಕ್ಕೆ ಆಧಾರ ಕೇಳುತ್ತಿದ್ದರು. ಒಮ್ಮೆ ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತ ಬಂದವನೊಬ್ಬ, ಗದಗಿನ ಕಡೆಯಿಂದ ಹೊಸದಾಗಿ ಬಂದವನು, ಮೆಂತ್ಯ ಈಗಷ್ಟೇ ಕಿತ್ತದ್ದು ಎಂದ. ಓನರ್ ಗಂಭೀರವಾಗಿ "ಆಧಾರ ಇದೆಯಾ?" ಎಂದರು. ಅವನು "ಐತ್ರೀ ಸರ" ಎಂದು ಜೇಬಿನಿಂದ ಆಧಾರ್ ಕಾರ್ಡು ತೆಗೆದು ಕೊಟ್ಟ. ಓನರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹುಟ್ಟಿದ ದಿನಾಂಕ ಓದಿ, ಸೊಪ್ಪು ತೆಗೆದುಕೊಂಡರು.

ಇಷ್ಟೆಲ್ಲ ಆಧಾರ ಕೇಳುವ ಮನುಷ್ಯನ ಮನೆಯಲ್ಲಿ ನಾನಿದ್ದ ಮಹಡಿಗೆ ನಕ್ಷೆ ಮಂಜೂರಾತಿಯೇ ಇರಲಿಲ್ಲ. ಇದನ್ನು ನನಗೆ ಹೇಳಿದ್ದು ಆಂಟಿ, ಹಪ್ಪಳ ಒಣಹಾಕುತ್ತ, ತುಂಬ ಸಂತೋಷದಿಂದ.

ಸೈಕಲ್ಲು ಬಂದದ್ದು ಸುಂಕದಕಟ್ಟೆಯ ಗುಜರಿ ಅಂಗಡಿಯಿಂದ. ಹಳೆಯ ಕಬ್ಬಿಣದ ಗೇಟನ್ನು ಹಾಕಿ ಬರಲು ಓನರ್ ಲಗೇಜ್ ಆಟೋ ಮಾಡಿಕೊಂಡು ಅಲ್ಲಿಗೆ ಹೋಗಿದ್ದರು. ತೂಕದ ಯಂತ್ರದ ಪಕ್ಕ ಮುರಿದ ಏರ್ ಕೂಲರುಗಳ ಅಡಿಯಲ್ಲಿ ಟಗರಿನ ಕೊಂಬಿನಂತೆ ಬಾಗಿದ ಒಂದು ಹ್ಯಾಂಡಲ್ ಕಂಡಿತಂತೆ. ಎಳೆದು ನೋಡಿದರೆ ಹಳೇ ಕಾಲದ ವಿಲಾಯಿತಿ ರೇಸ್ ಸೈಕಲ್. ಅದರಲ್ಲಿ ಏನೂ ಉಳಿದಿಲ್ಲ, ನಾಳೆ ಕಟ್ ಮಾಡಿ ಕಳಿಸ್ತೀವಿ ಎಂದ ಅಂಗಡಿಯವನು. ಏನೂ ಉಳಿದಿಲ್ಲ ಎಂಬುದಕ್ಕೆ ಆಧಾರ ಏನು ಎಂದು ಇವರು ಕೇಳಿದರು. ಅವನಿಗೆ ಬೇರೆ ಕೆಲಸವಿತ್ತು. "ತಗೊಂಡೋಗಿ ಸಾರ್, ನೀವೇ ನೋಡ್ಕೊಳ್ಳಿ" ಎಂದ. ಗೇಟು ಹೊತ್ತುಕೊಂಡು ಹೋದ ಆಟೋದಲ್ಲೇ ಸೈಕಲ್ಲು ಮನೆಗೆ ಬಂತು. ಒಂದು ಕಬ್ಬಿಣ ಹೋಯಿತು ಅಂತ ನೆಮ್ಮದಿಯಾಗಿದ್ದರೆ ಇನ್ನೊಂದು ಬಂತಲ್ಲ ಎಂದರು ಆಂಟಿ.

ಅದರ ಸ್ಥಿತಿ ನಾನು ನೋಡಿದ್ದೇನೆ. ಚೈನು ಬಗ್ಗುತ್ತಲೇ ಇರಲಿಲ್ಲ, ಒಂದು ಕೋಲಿನಂತೆ ಗಟ್ಟಿಯಾಗಿತ್ತು. ಸೀಟಿನ ಚರ್ಮವನ್ನು ಇಲಿ ತಿಂದಿತ್ತು. ಟೈರು ಮುಟ್ಟಿದರೆ ಪುಡಿಯಾಗುತ್ತಿತ್ತು. ಇಡೀ ಮೈಗೆ ಯಾರೋ ಬ್ರಷ್ಷಿನಲ್ಲಿ ದಪ್ಪಗೆ ಕೆಂಪು ಬಣ್ಣ ಬಳಿದಿದ್ದರು; ಅಲ್ಲಲ್ಲಿ ಸುರಿದು ಹನಿಯಾಗಿ ನಿಂತಿತ್ತು.

ಓನರ್ ಕಾರಿಲ್ಲದ ತಮ್ಮ ಕಾರ್ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಕೂತರು. ನಾಲ್ಕು ವರ್ಷ ಏಳಲಿಲ್ಲ ಎಂದರೆ ತುಂಬ ತಪ್ಪಾಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಭಾಗದ ಹೆಸರು, ಬಿಚ್ಚಿದ ದಿನ, ದೋಷ, ಕ್ರಮ ಎಂದು ಕಾಲಂ ಹಾಕಿದರು. ಆಂಟಿಯ ಹಳೇ ಇಡ್ಲಿ ಪಾತ್ರೆಯಲ್ಲಿ ಸೀಮೆಎಣ್ಣೆ ಹಾಕಿ ಚೈನು ನೆನೆಸಿದರು. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಎಂಬ ಬೆರಳುದ್ದದ ಮೊಳೆಯೊಂದು ತುಕ್ಕು ಹಿಡಿದು ಒಂಬತ್ತು ವಾರ ಅಲುಗಲಿಲ್ಲ. ಇವರು ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಅದೇ ಶ್ರದ್ಧೆಯಿಂದ ಅದಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಲ್ಲಿ ಮೂರು ಸಲ ತಟ್ಟಿ ಏಳುತ್ತಿದ್ದರು. ಅದು ಹೊರಬಂದ ದಿನ ಮೆಟ್ಟಿಲು ಹತ್ತಿ ಬಂದು, ಮಗುವಿನ ಬಿದ್ದ ಹಲ್ಲು ತೋರಿಸುವವರಂತೆ ಅಂಗೈ ಬಿಚ್ಚಿ ನನಗೆ ತೋರಿಸಿದರು.

ಅವರು ಫೋನಿನಲ್ಲಿ ಹಳೇ ಸೈಕಲ್ಲುಗಳ ಒಂದು ಗುಂಪಿಗೂ ಸೇರಿಕೊಂಡಿದ್ದರು. ಅಲ್ಲಿ ದೇಶದ ನಾನಾ ಊರಿನ ಪಂಡಿತರಿದ್ದರು. ಬ್ರೇಕಿನ ರಬ್ಬರು ಮೂಲದಲ್ಲಿ ಬೂದು ಬಣ್ಣದ್ದೋ ಕಂದು ಬಣ್ಣದ್ದೋ ಎಂದು ಒಂದು ವಾರ ಹೊಡೆದಾಡಿದರು. ಇಬ್ಬರು ಗುಂಪು ಬಿಟ್ಟು ಹೋದರು. ಒಬ್ಬರು ಮರುದಿನ ವಾಪಸ್ ಬಂದರು. ಸೈಕಲ್ ಹತ್ತಿ ಎಲ್ಲಿಗಾದರೂ ಹೋದೆವು ಎಂದು ಅಲ್ಲಿ ಒಬ್ಬರೂ ಬರೆದದ್ದನ್ನು ನಾನು ನೋಡಲಿಲ್ಲ. ಒರಿಜಿನಲ್ ಎಂಬ ಒಂದು ಶಬ್ದದ ಮೇಲೆ ಅವರ ಸಂಸಾರವೆಲ್ಲ ನಡೆಯುತ್ತಿತ್ತು. ಈ ಮಾದರಿ ಕಾರ್ಖಾನೆಯಿಂದ ಬಂದದ್ದು ಕಡು ಹಸಿರು ಬಣ್ಣದಲ್ಲಿ ಎಂದು ತೀರ್ಪು ಕೊಟ್ಟದ್ದು ಆ ಗುಂಪೇ. ಕೆಂಪು ಎದ್ದುಹೋದ ಕಡೆ ಕೆಳಗೆ ಹಸಿರು ಕಾಣುತ್ತಿದ್ದದ್ದೂ ನಿಜವೇ.

ಓನರ್ ನುಣ್ಣನೆಯ ಮರಳುಕಾಗದ ತಂದು ಮೂರು ತಿಂಗಳು ಉಜ್ಜಿ, ಕೆಳಗಿನ ಹಸಿರಿಗೆ ಗಾಯವಾಗದ ಹಾಗೆ ಕೆಂಪನ್ನು ಅಂಗುಲ ಅಂಗುಲವಾಗಿ ತೆಗೆದರು. ಕೆಂಪೂ ಚೆನ್ನಾಗಿತ್ತಲ್ವಾ ಸಾರ್ ಎಂದು ನಾನು ಒಮ್ಮೆ ಕೇಳಿದೆ.

"ಯಾರೋ ಗೇಟಿಗೆ ಹೊಡೆಯೋ ಬಣ್ಣ ಹೊಡೆದಿದಾರೆ ಮೇಡಂ. ಇದಕ್ಕೆ ಆಧಾರ ಇಲ್ಲ" ಎಂದರು. ನೋಟ್‌ಬುಕ್ಕಿನಲ್ಲಿ 'ಅನಧಿಕೃತ ಬಣ್ಣ, ತೆಗೆಯತಕ್ಕದ್ದು' ಎಂದು ಬರೆದು ಕೆಳಗೆ ಸಹಿ ಹಾಕಿದ್ದರು. ಅನಧಿಕೃತ ಮಹಡಿಯಲ್ಲಿ ವಾಸವಿದ್ದ ನಾನು ಸುಮ್ಮನೆ ಮೇಲೆ ಹೋದೆ.

ಸೈಕಲ್ಲು ಹಸಿರಾಗಿ, ರಿಮ್ಮು ಬೆಳ್ಳಿಯಂತಾಗಿ, ಹೊಸ ಚರ್ಮದ ಸೀಟು ಹಾಕಿಸಿಕೊಂಡು ನಿಂತಾಗ ಜನ ಬರತೊಡಗಿದರು. ಮೈಗಂಟಿದ ಬಟ್ಟೆ ತೊಟ್ಟ ವಾರಾಂತ್ಯದ ಸೈಕಲ್ ತಂಡದವರು ಬಂದು ಅದರ ಜೊತೆ ಫೋಟೋ ತೆಗೆಸಿಕೊಂಡರು. ರಾಜಾಜಿನಗರದಲ್ಲಿ ಹೊಸ ಕೆಫೆ ತೆರೆದಿದ್ದ ಒಬ್ಬರು, ಇದನ್ನು ಕೊಟ್ಟರೆ ಕೌಂಟರಿನ ಮೇಲೆ ಗೋಡೆಗೆ ನೇತುಹಾಕುತ್ತೇವೆ, ವಾತಾವರಣ ಬರುತ್ತದೆ ಎಂದರು. ಸೈಕಲ್ ಇರೋದು ಓಡ್ಸೋಕೆ, ನೇತಾಕೋಕಲ್ಲ ಎಂದು ಓನರ್ ಅವರನ್ನು ಕಳಿಸಿದರು. ಹಾಗಾದರೆ ಯಾವಾಗ ಓಡಿಸುತ್ತೀರಿ ಎಂದು ನಾನು ಕೇಳಿದ್ದಕ್ಕೆ, "ಟ್ರಯಲ್ ಬಾಕಿ ಇದೆ" ಎಂದರು. ಆ ಉತ್ತರವನ್ನು ಆರು ತಿಂಗಳು ಕೊಟ್ಟರು.

ಕೊನೆಗೆ ಆಂಟಿಯೇ ಹೇಳಿದರು. ಅವರ ಮಾವನ ಬಳಿ, ಅಂದರೆ ಓನರ್ ಅಪ್ಪನ ಬಳಿ, ಒಂದೇ ಒಂದು ಸೈಕಲ್ ಇತ್ತಂತೆ, ಮಿಲ್ಲಿಗೆ ಹೋಗಿ ಬರಲು. ಮಕ್ಕಳು ಅದನ್ನು ಒರೆಸಬಹುದಿತ್ತು, ಹತ್ತುವ ಹಾಗಿರಲಿಲ್ಲ. ಆಮೇಲೆ ಕಾಲೇಜಿಗೂ ಬಸ್ಸು, ಕಚೇರಿಗೂ ಬಸ್ಸು. ಮೀಸೆ ಬಂದ ಗಂಡಸನ್ನು ನಿನಗೆ ಸೈಕಲ್ ಬರುತ್ತಾ ಎಂದು ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಸೈಕಲ್ಲನ್ನು ಎಲ್ಲಿಗಾದರೂ ಒಯ್ಯಬೇಕಾದರೆ ತಳ್ಳಿಕೊಂಡೇ ಹೋಗುತ್ತಿದ್ದರು. ದಾರಿಯುದ್ದಕ್ಕೂ ಜನ, "ಪಂಚರಾ ಸಾರ್?" ಎಂದು ಅನುಕಂಪದಿಂದ ಕೇಳುತ್ತಿದ್ದರು. ಜಗತ್ತಿಗೆಲ್ಲ ಆಧಾರ ಕೇಳುತ್ತಿದ್ದ ಓನರ್ ಆಗ ಮಾತ್ರ ತಲೆ ತಗ್ಗಿಸಿ "ಹೂಂ, ಪಂಚರು" ಎನ್ನುತ್ತಿದ್ದರು.

ಸಂಘದವರು ಸೈಕಲ್ ದಿನ ಮಾಡಿದ್ದು ಆ ವರ್ಷವೇ. ನಮ್ಮ ಮುಖ್ಯರಸ್ತೆಯ ಅಂಚಿಗೆ ಪಟ್ಟೆ ಎಳೆದು ಸೈಕಲ್ ಪಥ ಎಂದು ಬರೆಸಿದ್ದರು. ಅದರ ಮೇಲೆ ಸಾಲಾಗಿ ಕಾರುಗಳು ನಿಂತಿದ್ದವು, ಮೊದಲನೆಯದು ಅಧ್ಯಕ್ಷರದೇ. ಶಾಲು ಹೊದಿಸುವುದೆಲ್ಲ ಮುಗಿದ ಮೇಲೆ ಅಧ್ಯಕ್ಷರು, ಈಗ ನಮ್ಮ ಹಿರಿಯರು ತಮ್ಮ ಐತಿಹಾಸಿಕ ಸೈಕಲ್ಲಿನಲ್ಲಿ ಮೊದಲ ಸುತ್ತು ಹೊಡೆದು ಜಾಥಾಕ್ಕೆ ಚಾಲನೆ ಕೊಡುತ್ತಾರೆ ಎಂದು ಘೋಷಿಸಿಬಿಟ್ಟರು. ಓನರಿಗೆ ಇದು ಮೊದಲೇ ಗೊತ್ತಿರಲಿಲ್ಲ. ಇನ್ನೂರು ಜನರ ಮುಂದೆ ಹಸಿರು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದರು. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆಂಟಿ ಕಣ್ಣು ಮುಚ್ಚಿಕೊಂಡರು.

"ಜಾಥಾಕ್ಕೆ ಪೊಲೀಸರ ಅನುಮತಿ ಪತ್ರ ಎಲ್ಲಿ?" ಎಂದರು ಓನರ್.

ಪತ್ರ ಇರಲಿಲ್ಲ. ಅಧ್ಯಕ್ಷರು ಕಾರ್ಯದರ್ಶಿಯನ್ನು ನೋಡಿದರು, ಕಾರ್ಯದರ್ಶಿ ಆಕಾಶ ನೋಡಿದರು. ಅನುಮತಿ ಇಲ್ಲದೆ ರಸ್ತೆಗೆ ಇಳಿಯುವುದು ತಮ್ಮ ಇಷ್ಟು ವರ್ಷದ ಸೇವೆಗೆ ಅವಮಾನ ಎಂದು ಓನರ್ ಸಣ್ಣ ಭಾಷಣ ಮಾಡಿ ಸೈಕಲ್ಲನ್ನು ವಾಪಸ್ ತಳ್ಳಿಕೊಂಡು ಹೊರಟರು. ಜಾಥಾ ರದ್ದಾಯಿತು. ಎಲ್ಲರೂ ಉಪ್ಪಿಟ್ಟು ತಿಂದು ಮನೆಗೆ ಹೋದರು. ನಿಯಮ ಅಂದರೆ ಹಿಂಗಿರಬೇಕು ಎಂದು ಅಧ್ಯಕ್ಷರು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದರು.

ಅದಾದ ಕೆಲವು ದಿನಕ್ಕೆ ಓನರ್ ಹಿಂದಿನ ಗಾಲಿಯ ಬೆಂಡು ತೆಗೆಸಲು ಸೈಕಲ್ಲನ್ನು ವಿಜಯನಗರದವರೆಗೆ ತಳ್ಳಿಕೊಂಡು ಹೋದರು. ಅಲ್ಲಿ ಒಂದು ಹಳೇ ಸೈಕಲ್ ಶಾಪು, ಅದರಷ್ಟೇ ಹಳಬರಾದ ಮೆಕ್ಯಾನಿಕ್ಕು. ಆ ಮುದುಕರು ಗಾಲಿಯನ್ನು ನೋಡಲೇ ಇಲ್ಲ. ಮುಂದಿನ ಫೋರ್ಕನ್ನು ಹೆಬ್ಬೆರಳಿನಿಂದ ಸವರಿ, ಈ ಬೆಸುಗೆ ಹಾಕಿದ್ದು ನಾನೇ, ಇದು ಆ ಮೇಡಂ ಸೈಕಲ್ಲು ಎಂದರಂತೆ. ಯಾವ ಮೇಡಂ ಎಂದರೆ, ಈಗ ಕೆಂಗೇರಿ ಉಪನಗರದಲ್ಲಿದ್ದಾರೆ, ದೀಪಾವಳಿಗೆ ಈಗಲೂ ಸ್ವೀಟು ಕಳಿಸುತ್ತಾರೆ ಎಂದು ವಿಳಾಸವನ್ನೂ ಕೊಟ್ಟರು.

ಬೇರೆ ಯಾರಾದರೂ ಆ ವಿಳಾಸವನ್ನು ಜೇಬಿನಲ್ಲಿಟ್ಟು ಮರೆತುಬಿಡುತ್ತಿದ್ದರು. ಓನರ್ ಎರಡು ದಿನ ಶೆಡ್ಡಿಗೆ ಇಳಿಯಲಿಲ್ಲ. ಮೂರನೇ ದಿನ, 'ತಮಗೆ ಸೇರಿದ ಸ್ವತ್ತೊಂದು ನನ್ನ ಸುಪರ್ದಿನಲ್ಲಿದ್ದು, ಖುದ್ದು ಬಂದು ಪರಿಶೀಲಿಸಬೇಕಾಗಿ ಕೋರಿದೆ' ಎಂದು ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ನಾಲ್ಕು ವರ್ಷದ ಕೆಲಸ ಕೈಬಿಟ್ಟು ಹೋಗುತ್ತಲ್ಲ ಎಂದು ನಾನು ಮರುಗಿದೆ. ಗುಜರಿಯವನಿಗೆ ಮಾರುವ ಹಕ್ಕು ಇತ್ತು ಎಂಬುದಕ್ಕೆ ಏನೂ ದಾಖಲೆಯಿಲ್ಲ ಮೇಡಂ ಎಂದರು. ಅವರನ್ನು ನಾನು ಮೆಚ್ಚಿಕೊಂಡದ್ದು ಅವತ್ತೇ, ಸಿಟ್ಟು ಮಾಡಿಕೊಂಡದ್ದೂ ಅವತ್ತೇ.

ಆಕೆ ಒಂದು ಶನಿವಾರ ಬಂದರು. ಅರವತ್ತೇಳು ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಚೂಡಿದಾರು, ದಾಪುಗಾಲು. ಕಾಗದ ಓದಿ, ಯಾವುದೋ ಸೈಟಿನ ತಕರಾರು ಅಂದುಕೊಂಡು ವಕೀಲರಿಗೆ ತೋರಿಸಿ ಬಂದಿದ್ದರಂತೆ. ಓನರ್ ಸೈಕಲ್ಲಿಗೆ ಹೊದಿಸಿದ್ದ ಹಳೇ ಧೋತ್ರವನ್ನು ಮೆಲ್ಲಗೆ ಸರಿಸಿದರು. ಆಕೆ ಸುತ್ತ ಒಂದು ಸಲ ನಡೆದರು, ಫೋರ್ಕಿನ ಬೆಸುಗೆ ಮುಟ್ಟಿದರು, ಕೆಳಗೆ ಬಗ್ಗಿ ಏನನ್ನೋ ಹುಡುಕಿದರು. ಆಮೇಲೆ ಎದ್ದು ನಿಂತು ಹೇಳಿದರು:

"ಇದು ನಮ್ಮಣ್ಣನ ಸೈಕಲ್ ಸಾರ್. ನನ್ನದು ಕೆಂಪಗಿತ್ತು."

ಕಾಫಿ ಕುಡಿಯುತ್ತ ಆಕೆ ಹೇಳಿದ ಕತೆ ಇಷ್ಟು. ಹಸಿರು ಸೈಕಲ್ಲು ಅಣ್ಣನದು. ಅವನಿಗೆ ಮೊಪೆಡ್ ಬಂದಾಗ ಸೈಕಲ್ಲು ಬೇಜಾರಾಗಿ ಮೂಲೆಗೆ ಹಾಕಿದ. ತಂಗಿ ಹತ್ತುವುದನ್ನು ಅಪ್ಪ ಒಪ್ಪಲಿಲ್ಲ. ಅಪ್ಪನ ಸ್ನೇಹಿತರು ರಾಜಾಜಿನಗರದ ಪ್ರತಿ ಬ್ಲಾಕಿನಲ್ಲೂ ಇದ್ದರು. ಆ ಹಸಿರು ಸೈಕಲ್ಲನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದರು. ಅಣ್ಣ ತಂಗಿ ಸೇರಿ, ಸೈಕಲ್ಲು ಮಾರಿಬಿಟ್ಟೆವು ಎಂದು ಮನೆಯಲ್ಲಿ ಹೇಳಿದರು. ಗೆಳತಿಯ ಮನೆಯ ಹಿತ್ತಲಿನಲ್ಲಿ, ಗೇಟಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣವನ್ನು ಆಕೆ ಒಂದೇ ಮಧ್ಯಾಹ್ನದಲ್ಲಿ ಬಳಿದರು. ಆಮೇಲಿನ ಮೂರು ವರ್ಷ ಸೈಕಲ್ಲು ವಿಜಯನಗರದ ಅದೇ ಶಾಪಿನಲ್ಲಿ ಅಡಗಿಕೊಂಡಿತ್ತು. ಟೈಪಿಂಗ್ ಕ್ಲಾಸಿಗೆ ಹೋಗುತ್ತೇನೆಂದು ಹೊರಟು ಮಾಗಡಿ ರಸ್ತೆ, ಮೈಸೂರು ರಸ್ತೆಯೆಲ್ಲ ತಿರುಗಿದರು. ಒಮ್ಮೆ ಬಿಡದಿವರೆಗಿನ ರೇಸಿಗೆ ಹೋಗಿ ನಿಂತರೆ ಹುಡುಗಿಯರಿಗೆ ವಿಭಾಗ ಇಲ್ಲ ಎಂದರು. ಹುಡುಗರೆಲ್ಲ ಹೊರಟ ಮೇಲೆ ಹಿಂದಿನಿಂದ ತಾನೇ ಹೊರಟು, ಬಿಡದಿ ಮುಟ್ಟುವ ಹೊತ್ತಿಗೆ ಹದಿನೇಳು ಹುಡುಗರನ್ನು ಹಿಂದೆ ಹಾಕಿದ್ದರು. ಮದುವೆಯಾಗಿ ಹೋದ ಮೇಲೆ ಅಣ್ಣ ಸೈಕಲ್ಲನ್ನು ಮನೆಯ ಅಟ್ಟಕ್ಕೆ ತಂದಿಟ್ಟಿದ್ದ. ಮನೆ ಕೆಡವಿದಾಗ ಗುಜರಿಗೆ ಹೋಯಿತು.

"ಆ ರೇಸಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಫೋಟೋನೂ ಇಲ್ಲ. ಟೈಪಿಂಗ್ ಮಾತ್ರ ಇವತ್ತಿಗೂ ಬರಲ್ಲ" ಎಂದು ಆಕೆ ನಕ್ಕರು.

ಓನರ್ ನಗಲಿಲ್ಲ. ತಾವು ಮೂರು ತಿಂಗಳು ಉಜ್ಜಿ ಗುಡಿಸಿ ಹೊರಗೆ ಹಾಕಿದ್ದು ಏನು ಎಂದು ಅವರಿಗೆ ಅರ್ಥವಾಗಿತ್ತು. ಒಂಬತ್ತು ವರ್ಷದಲ್ಲಿ ನಾನು ಅವರ ಬಾಯಲ್ಲಿ ಕೇಳದಿದ್ದ ಮಾತೊಂದನ್ನು ನೆಲ ನೋಡಿಕೊಂಡು ಹೇಳಿದರು: "ತಪ್ಪಾಯ್ತಮ್ಮ."

ಆಕೆ, ಬಿಡಿ ಸಾರ್, ಕಟ್ಟಾಗಿ ಹೋಗೋದನ್ನ ಉಳಿಸಿದ್ರಲ್ಲ ಎಂದು ಸಮಾಧಾನ ಮಾಡಿ, ಈಗ ಹೇಗೆ ಓಡುತ್ತೆ, ಮುಂಚೆ ಎಡಕ್ಕೆ ಎಳೀತಿತ್ತು ಎಂದು ಕೇಳಿದರು. ಓನರ್ ಆಂಟಿಯನ್ನು ನೋಡಿದರು, ನನ್ನನ್ನು ನೋಡಿದರು. ಟ್ರಯಲ್ ಬಾಕಿ ಇದೆ ಎನ್ನುತ್ತಾರೆ ಎಂದುಕೊಂಡೆ.

"ನಂಗೆ ಸೈಕಲ್ ಬರಲ್ಲ" ಎಂದರು.

ಆಕೆ ಆಶ್ಚರ್ಯಪಡಲಿಲ್ಲ. ಭಾನುವಾರ ಬೆಳಿಗ್ಗೆ ಜ್ಞಾನಭಾರತಿ ಕ್ಯಾಂಪಸ್ಸಿಗೆ ಬನ್ನಿ, ಶೂ ಹಾಕ್ಕೊಂಡು ಬನ್ನಿ ಎಂದಷ್ಟೇ ಹೇಳಿದರು. ಕಲಿತ ಮೇಲೆ ಸೈಕಲ್ ಒಯ್ಯುತ್ತೇನೆ ಎಂದರು.

ಕಲಿಯಲು ಆಕೆ ತಂದದ್ದು ಮೊಮ್ಮಗಳ ಗುಲಾಬಿ ಬಣ್ಣದ ಸೈಕಲ್ಲು, ಮುಂದೆ ಬುಟ್ಟಿ, ಬುಟ್ಟಿಗೊಂದು ಚಿಟ್ಟೆ. ಓನರ್ ಹೊಸ ಹೆಲ್ಮೆಟ್ ಹಾಕಿಕೊಂಡು, ಮೊದಲು ಯಾವ ಕಾಲು, ಆಮೇಲೆ ಯಾವ ಕಾಲು, ಇದಕ್ಕೆ ನಿಯಮ ಏನು ಎಂದು ವಿಚಾರಿಸಿದರು. ಆಕೆ ಪೆಡಲುಗಳನ್ನೇ ಬಿಚ್ಚಿ ಬುಟ್ಟಿಗೆ ಹಾಕಿ, ಒಂದು ಇಳಿಜಾರು ತೋರಿಸಿ, ಕಾಲು ಜೋತುಬಿಟ್ಟುಕೊಂಡು ಜಾರಿ ಎಂದರು. ವಾಕಿಂಗ್ ಬಂದ ಪ್ರೊಫೆಸರುಗಳೆಲ್ಲ ನಿಂತು ಸಲಹೆ ಕೊಟ್ಟರು. ಓನರ್ ಲಂಟಾನ ಪೊದೆಗೆ ಎರಡು ಸಲ ಬಿದ್ದರು, ಒಮ್ಮೆ ಸಲಹೆ ಕೊಡುತ್ತಿದ್ದ ಪ್ರೊಫೆಸರೊಬ್ಬರ ಮೇಲೇ ಬಿದ್ದರು. ಆಂಟಿ ಫ್ಲಾಸ್ಕು ಹಿಡಿದು ಕಲ್ಲುಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆರನೇ ಭಾನುವಾರ ಪೆಡಲು ವಾಪಸ್ ಹಾಕಿದರು. ಏಳನೆಯ ಭಾನುವಾರ ಓನರ್ ನೇರ ರಸ್ತೆಯಲ್ಲಿ ಕಾಣದಷ್ಟು ದೂರ ಹೋಗಿ, ಸೈಕಲ್ಲನ್ನು ತಳ್ಳಿಕೊಂಡು ಬಂದರು. ಯಾಕೆ ಎಂದರೆ, ತಿರುಗಿಸೋದು ಇನ್ನೂ ಹೇಳ್ಕೊಟ್ಟಿಲ್ಲವಲ್ಲ ಎಂದರು. ಆ ಪಾಠಕ್ಕೆ ಆಮೇಲೆ ವರ್ಷಗಟ್ಟಲೆ ಭಾನುವಾರ ಕೆಂಗೇರಿಗೇ ಹೋದರು.

ಸೈಕಲ್ಲಿಗೆ ಮತ್ತೆ ಕೆಂಪು ಬಳಿಯುವ ದಿನ ಓನರ್ ಒಬ್ಬ ಸ್ಪ್ರೇ ಪೇಂಟರನ್ನು ಗೊತ್ತುಮಾಡಿದ್ದರು. ಆಕೆ ಅವನನ್ನು ಕಳಿಸಿ, ಒಂದು ಸಣ್ಣ ಡಬ್ಬಿ ಗೇಟಿನ ಕೆಂಪು ಬಣ್ಣ, ಎರಡು ಬ್ರಷ್ಷು ಹಿಡಿದು ಶೆಡ್ಡಿನಲ್ಲಿ ಕೂತರು. ಒಂದು ಬ್ರಷ್ಷನ್ನು ಓನರ್ ಕೈಗೆ ಕೊಟ್ಟರು. ಆಕೆ ಹುಡುಗಿಯಂತೆ ದಪ್ಪಗೆ ಬಳಿಯುತ್ತ ಹೋದರು. ಅಲ್ಲಲ್ಲಿ ಬಣ್ಣ ಸುರಿದು ಹನಿಯಾಗತೊಡಗಿತು. ಓನರ್ ಬಟ್ಟೆ ತೆಗೆದುಕೊಂಡು ಒಂದು ಹನಿಯನ್ನು ಒರೆಸಲು ಕೈ ಚಾಚಿದರು.

"ರೀ" ಎಂದರು ಆಂಟಿ, ಬಾಗಿಲಲ್ಲಿ ನಿಂತು.

ಓನರ್ ಕೈ ಹಿಂದೆ ತೆಗೆದುಕೊಂಡರು.

ಇನ್ನೊಂದು ವಾರ ಒಣಗಬೇಕು ಎಂದು ಅವರು ಹೇಳಿದ್ದರೂ ಆಕೆ ಮೂರನೇ ದಿನವೇ ಬಂದುಬಿಟ್ಟರು. ನಲವತ್ತೈದು ವರ್ಷ ಕಾದಿದೀನಿ, ಸಾಕು ಎಂದರು. ಓನರ್ ಎರಡು ಪ್ರತಿಯಲ್ಲಿ ಹಸ್ತಾಂತರ ಪತ್ರ ಸಿದ್ಧ ಮಾಡಿದ್ದರು. ಆಕೆ ಓದದೆ ಸಹಿ ಹಾಕಿ, ಗೇಟಿನ ಹೊರಗೆ ಸೈಕಲ್ಲನ್ನು ಹಿಡಿದು ನಿಂತು, ಮೊದಲು ನೀವು ಒಂದು ಸಲ ಹೋಗಿ ಬನ್ನಿ ಎಂದರು. ಸೀಟನ್ನು ತಗ್ಗಿಸಿಯೂ ಕೊಟ್ಟರು.

ಓನರ್ ಹತ್ತಿದರು. ಎರಡು ಸಲ ಕಾಲು ಊರಿ, ಮೂರನೇ ಸಲ ಹೊರಟರು. ನಮ್ಮ ರಸ್ತೆಯಲ್ಲಿ, ನಿಂತಿದ್ದ ಕಾರುಗಳ ನಡುವೆ, ಹಾವಿನಂತೆ ಓಲಾಡುತ್ತ, ಆದರೆ ಎಲ್ಲೂ ನಿಲ್ಲದೆ ಹೋದರು. ನಾಯಿ ಹಿಡಿದುಕೊಂಡು ಬರುತ್ತಿದ್ದ ಅಧ್ಯಕ್ಷರು ಪಕ್ಕಕ್ಕೆ ಸರಿದು ಚಪ್ಪಾಳೆ ತಟ್ಟಿದರು. ರಸ್ತೆಯ ಕೊನೆಯಲ್ಲಿ ಓನರ್ ಇಳಿದರು. ಸುತ್ತ ನೋಡಿ, ಎರಡೂ ಕೈಯಿಂದ ಸೈಕಲ್ಲಿನ ಮೈಯನ್ನೇ ಹಿಡಿದು ಎತ್ತಿ, ಮುಖ ನಮ್ಮ ಕಡೆ ಮಾಡಿ ಇಟ್ಟು, ಮತ್ತೆ ಹತ್ತಿ ಬಂದರು.

"ಎಡಕ್ಕೆ ಎಳೆಯುತ್ತೆ" ಎಂದರು ಆಕೆಗೆ, ಏದುಸಿರು ಬಿಡುತ್ತ.

"ಹೂಂ ಸಾರ್. ಅದು ನಂದೇ" ಎಂದರು ಆಕೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು, ಒಂದೇ ತುಳಿತಕ್ಕೆ ಹತ್ತಿ, ಮಾಗಡಿ ರಸ್ತೆಯ ಕಡೆ ತಿರುಗಿ ಹೋದರು. ತಿರುವಿನಲ್ಲಿ ಬ್ರೇಕನ್ನೂ ಹಾಕಲಿಲ್ಲ.

ಓನರ್ ಗೇಟಿನಲ್ಲೇ ನಿಂತು ಅಂಗೈ ಬಿಚ್ಚಿ ನೋಡಿಕೊಂಡರು. ಬಣ್ಣ ಪೂರ್ತಿ ಒಣಗಿರಲಿಲ್ಲ. ಎರಡೂ ಕೈಗೆ ಕೆಂಪು ಹತ್ತಿತ್ತು. ಆಂಟಿ ಒರೆಸಿಕೊಳ್ಳಲು ಬಟ್ಟೆ ತಂದು ಕೊಟ್ಟರು. ಅವರು ತೆಗೆದುಕೊಳ್ಳಲಿಲ್ಲ.

"ಇರ್ಲಿ ಬಿಡೇ" ಎಂದು ಒಳಗೆ ಹೋದರು.